ಮೊಣಕಾಲಿಗೆ ಪಿಆರ್‌ಪಿ: ದುಡ್ಡು ಕಟ್ಟುವ ಮುಂಚೆ ಒಂದಿಷ್ಟು ಮಾತು

ಕೇಳುಗರಿಗೆ ನಮಸ್ಕಾರ. ಇವತ್ತು ಮೊಣಕಾಲು ನೋವಿಗೆ ಕೊಡುವ ಪಿಆರ್‌ಪಿ ಇಂಜೆಕ್ಷನ್ ವಿಷಯ. ಪಿಆರ್‌ಪಿ ಅಂದರೆ ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ, ನಮ್ಮದೇ ರಕ್ತದಿಂದ ತೆಗೆದ, ಪ್ಲೇಟ್‌ಲೆಟ್ ಅನ್ನುವ ಕಣ ದಟ್ಟವಾಗಿರುವ ತಿಳಿ. ಸಿಂಧನೂರು, ಮಾನ್ವಿ, ಗಂಗಾವತಿ, ಸಿರುಗುಪ್ಪ, ಎಲ್ಲಿಂದ ಬಂದವರ ಬಾಯಲ್ಲೂ ಈಗ ಇದೇ ಮಾತು. "ನಮ್ಮ ರಕ್ತಾನ ತಗದು ನಮಗ ಹಾಕ್ತಾರಂತ್ರೀ, ಆಪರೇಷನ್ ಬ್ಯಾಡಂತ್ರೀ, ಖರೇ ಏನ್ರೀ ಮೇಡಂ?" ನಾನು ಫಿಸಿಯೋಥೆರಪಿ ಮಾಡುವವಳು. ಚುಚ್ಚುವುದು ನನ್ನ ಕೆಲಸ ಅಲ್ಲ, ಆದರೆ ಚುಚ್ಚಿಸಿಕೊಂಡವರು ಆಮೇಲೆ ನನ್ನ ಹತ್ತಿರ ಬರುತ್ತಾರೆ. ವ್ಯಾಯಾಮ ಮಾಡಿಸುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ವ್ಯಾಯಾಮದ ಪರ ನಾನು ಸ್ವಲ್ಪ ಜಾಸ್ತಿ ಮಾತಾಡಿದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೊದಲು ಮೊಣಕಾಲಿನ ಕಥೆ. ಎಕ್ಸ್‌ರೇ ನೋಡಿದರೆ ತೊಡೆ ಮೂಳೆಗೂ ಕೆಳಗಿನ ಮೂಳೆಗೂ ನಡುವೆ ಖಾಲಿ ಜಾಗ ಇದ್ದ ಹಾಗೆ ಕಾಣುತ್ತದೆ. ಅದು ಖಾಲಿ ಅಲ್ಲ. ಅಲ್ಲಿ ನುಣುಪಾದ ಮೆತ್ತನೆ ಪದರ ಇರುತ್ತದೆ, ಕಾರ್ಟಿಲೇಜ್ ಅನ್ನುತ್ತಾರೆ, ಅದು ಎಕ್ಸ್‌ರೇಗೆ ಕಾಣುವುದಿಲ್ಲ ಅಷ್ಟೇ. ಆ ಪದರ ತೆಳುವಾದ ಹಾಗೆ ಮೂಳೆಗಳು ಹತ್ತಿರ ಬರುತ್ತವೆ, ಅಂಚಿನಲ್ಲಿ ಮುಳ್ಳಿನ ಹಾಗೆ ಮೂಳೆ ಬೆಳೆಯುತ್ತದೆ. ವಯಸ್ಸು, ಮೈತೂಕ, ಹಳೇ ಪೆಟ್ಟು, ಇವೆಲ್ಲ ಕಾರಣ. ವರ್ಷಗಟ್ಟಲೆ ಕುಕ್ಕರಗಾಲಲ್ಲಿ ಕೂತು ಏಳುವ ಕೆಲಸ, ಭಾರ ಎತ್ತುವ ಕೆಲಸ ಕೂಡ ಕಾರಣವೇ. ತುಂಗಭದ್ರಾ ಕಾಲುವೆ ಕೆಳಗಿನ ಗದ್ದೆಗಳಲ್ಲಿ ನಾಟಿ ಹಚ್ಚುವ ಹೆಣ್ಣುಮಕ್ಕಳನ್ನು ನೋಡಿ. ಸೊಂಟ ಬಗ್ಗಿಸಿಕೊಂಡೇ ಹಿಂದೆ ಹಿಂದೆ ಸರಿಯಬೇಕು, ಪ್ರತಿ ಹೆಜ್ಜೆಗೂ ಕೆಸರಿನಿಂದ ಕಾಲು ಕಿತ್ತು ತೆಗೆಯಬೇಕು, ಸಂಜೆ ಮನೆಗೆ ಬಂದು ಮತ್ತೆ ಒಲೆ ಮುಂದೆ ಕೂತು ರೊಟ್ಟಿ ಬಡಿಯಬೇಕು. ಅವರ ಮೊಣಕಾಲಿಗೆ ರಜೆ ಅನ್ನೋದೇ ಇಲ್ಲ.

ಈ ಸವೆತಕ್ಕೆ 0ಯಿಂದ 4ರ ತನಕ ಗ್ರೇಡ್ ಇದೆ. 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ಇಬ್ಬರು ವೈದ್ಯರು ಮಾಡಿದ ಲೆಕ್ಕ, ಇವತ್ತಿಗೂ ಅದೇ ನಡೆಯುತ್ತಿದೆ. ನಿಮ್ಮದು ಯಾವ ಗ್ರೇಡ್ ಅಂತ ಡಾಕ್ಟರನ್ನು ಕೇಳಿ, ಚೀಟಿ ಮೇಲೆ ಬರೆಸಿಕೊಳ್ಳಿ. ಪಿಆರ್‌ಪಿ ಮಾತು ಬರುವುದು 2, 3ನೇ ಗ್ರೇಡಿನವರಿಗೆ. ಮೂಳೆಗೆ ಮೂಳೆ ತಾಗಿ ಕಾಲು ಬಿಲ್ಲಿನ ಹಾಗೆ ಬಾಗಿದವರಿಗೆ, ಅಂದರೆ 4ನೇ ಗ್ರೇಡಿಗೆ, ಇದರಿಂದ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ.

ನಮ್ಮ ಜಿಲ್ಲೆಗಳಿಗೆ ಬೇಕಾದ ಇನ್ನೊಂದು ಮಾತು. ಮೊಣಕಾಲು ನೋವೆಲ್ಲ ಸವೆತ ಅಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ. ಅದನ್ನೇ ಕುಡಿದು ಬೆಳೆದವರಿಗೆ ಕುತ್ತಿಗೆ, ಬೆನ್ನು, ಕೀಲು ಎಲ್ಲ ಬಿಗಿಯಾಗುವುದು ಉಂಟು. ಚಿಕೂನ್‌ಗುನ್ಯಾ ಬಂದು ಹೋದವರಿಗೆ ತಿಂಗಳುಗಟ್ಟಲೆ ಕೀಲು ಹಿಡಿಯುತ್ತದೆ. 2006ರಲ್ಲಿ ನಮ್ಮ ಕಡೆ ಮನೆಮನೆಯಲ್ಲೂ ಅದರ ನರಳಾಟ ಕೇಳಿದ್ದೇವೆ, ಅಲ್ವಾ? ಇವೆರಡಕ್ಕೂ ಪಿಆರ್‌ಪಿ ಮದ್ದಲ್ಲ. ರೋಗ ಯಾವುದು ಅಂತ ಗೊತ್ತಾಗದೆ ಸೂಜಿಗೆ ಕಾಲು ಚಾಚಬೇಡಿ.

ಈಗ ಪಿಆರ್‌ಪಿ ಮಾಡುವ ಬಗೆ. ತೋಳಿನಿಂದ ರಕ್ತ ತೆಗೆಯುತ್ತಾರೆ, ಹೆಪ್ಪುಗಟ್ಟದ ಹಾಗೆ ಔಷಧ ಇರುವ ಟ್ಯೂಬಿಗೆ ಹಾಕುತ್ತಾರೆ, ಸೆಂಟ್ರಿಫ್ಯೂಜ್ ಯಂತ್ರದಲ್ಲಿಟ್ಟು ಗರಗರ ತಿರುಗಿಸುತ್ತಾರೆ. ಮಳೆಗಾಲದಲ್ಲಿ ಕಾಲುವೆಗೆ ಬರುವ ಕೆಂಪು ನೀರನ್ನು ಕೊಡದಲ್ಲಿ ತುಂಬಿಟ್ಟರೆ ಮಣ್ಣು ತಳಕ್ಕಿಳಿದು ಮೇಲೆ ತಿಳಿ ನಿಲ್ಲುತ್ತದಲ್ಲ, ಇದೂ ಹಾಗೇ. ಟ್ಯೂಬಿನ ತಳದಲ್ಲಿ ಗಾಢ ಕೆಂಪು, ಮೇಲೆ ತಿಳಿ ಹಳದಿ ಪ್ಲಾಸ್ಮಾ, ಎರಡರ ನಡುವೆ ಗೆರೆ ಎಳೆದ ಹಾಗೆ ತೆಳ್ಳನೆ ಬಿಳಿ ಪದರ. ಆ ಗೆರೆಯ ಆಸುಪಾಸಿನಲ್ಲೇ ಪ್ಲೇಟ್‌ಲೆಟ್ ದಟ್ಟವಾಗಿರುತ್ತವೆ. ಡೆಂಗಿ ಬಂದಾಗ ಇಷ್ಟಕ್ಕೆ ಇಳಿಯಿತು, ಅಷ್ಟಕ್ಕೆ ಏರಿತು ಅಂತ ಮನೆಯವರೆಲ್ಲ ಎಣಿಸುತ್ತಾ ಕೂರುತ್ತಾರಲ್ಲ, ಅದೇ ಪ್ಲೇಟ್‌ಲೆಟ್. ರಕ್ತ ನಿಲ್ಲಿಸುವುದಷ್ಟೇ ಅಲ್ಲ, ಗಾಯ ಮಾಯುವುದಕ್ಕೆ ಬೇಕಾದ ಪ್ರೋಟೀನುಗಳೂ ಅದರೊಳಗೆ ಇರುತ್ತವೆ. ಅದನ್ನು ದಟ್ಟ ಮಾಡಿ ಕೀಲಿನೊಳಗೆ ಬಿಟ್ಟರೆ ಊತ, ಉರಿ ಇಳಿದು ನೋವು ಕಡಿಮೆ ಆದೀತು ಅನ್ನುವುದು ಇದರ ಹಿಂದಿನ ವಿಚಾರ.

ವಿಚಾರ ಚೆನ್ನಾಗಿದೆ. ನಿಜವಾಗಿ ಕೆಲಸ ಮಾಡುತ್ತದಾ?

ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ಒಂದು ದೊಡ್ಡ ಪರೀಕ್ಷೆ ಮಾಡಿದರು, 2021ರಲ್ಲಿ ಫಲಿತಾಂಶ ಬಂತು. ಅರ್ಧ ಜನಕ್ಕೆ ವಾರಕ್ಕೊಂದರಂತೆ ಮೂರು ಪಿಆರ್‌ಪಿ. ಇನ್ನರ್ಧ ಜನಕ್ಕೆ ಬರೀ ಉಪ್ಪುನೀರು, ಸಲೈನ್. ಯಾರಿಗೆ ಯಾವುದು ಅಂತ ರೋಗಿಗಳಿಗೆ ಹೇಳಿರಲಿಲ್ಲ. ಒಂದು ವರ್ಷ ಬಿಟ್ಟು ನೋಡಿದರೆ ಪಿಆರ್‌ಪಿಯವರ ನೋವಿನ ಅಂಕ, ಹತ್ತರ ಲೆಕ್ಕದಲ್ಲಿ, 2.1 ಇಳಿದಿತ್ತು, ಸಲೈನಿನವರದು 1.8. ವ್ಯತ್ಯಾಸ ಇಷ್ಟೇ, ಇದ್ದೂ ಇಲ್ಲದ ಹಾಗೆ. ಕಾರ್ಟಿಲೇಜ್ ಎರಡೂ ಕಡೆ ಸರಿಸುಮಾರು ಒಂದೇ ಅಳತೆಯಲ್ಲಿ ಸವೆದಿತ್ತು. "ಕಾರ್ಟಿಲೇಜ್ ಮತ್ತೆ ಬೆಳೆಯುತ್ತದೆ" ಅಂತ ಯಾರಾದರೂ ಹೇಳಿದರೆ ಈ ಪರೀಕ್ಷೆ ನೆನಪಿಡಿ. ನನ್ನ ಮಟ್ಟಿಗೆ ಅದು ಸುಮ್ನೆ ಮಾರಾಟದ ಮಾತು.

ಆದರೆ ಪಿಆರ್‌ಪಿ ಪರ ಇರುವ ವೈದ್ಯರು ಒಂದು ತಕರಾರು ತೆಗೆಯುತ್ತಾರೆ, ಅದರಲ್ಲಿ ಹುರುಳಿದೆ. ಆ ಪರೀಕ್ಷೆಯಲ್ಲಿ ಬಳಸಿದ ದ್ರವದಲ್ಲಿ ಪ್ಲೇಟ್‌ಲೆಟ್ ಹೆಚ್ಚೇನೂ ಇರಲಿಲ್ಲ, ಮಾಮೂಲಿ ರಕ್ತಕ್ಕಿಂತ ಒಂಚೂರು ಜಾಸ್ತಿ ಅಷ್ಟೇ. ಅದೇ 2021ರಲ್ಲಿ ನಮ್ಮ ದೇಶದ್ದೇ ಒಂದು ಅಧ್ಯಯನ ಬಂತು, 150 ಜನರದು. ಅದರಲ್ಲಿ 8 ಮಿಲಿಲೀಟರ್ ದ್ರವದಲ್ಲಿ 1000 ಕೋಟಿ ಪ್ಲೇಟ್‌ಲೆಟ್ ಇರುವ ಹಾಗೆ ನೋಡಿಕೊಂಡು ಚುಚ್ಚಿದರು. ಕೀಲು ನುಣುಪಾಗಿ ಜಾರಲಿ ಅಂತ ಕೊಡುವ ಜೆಲ್ ಇಂಜೆಕ್ಷನ್ ತೆಗೆದುಕೊಂಡವರಿಗಿಂತ ಇವರಿಗೆ ವರ್ಷದ ತನಕ ಹೆಚ್ಚು ಆರಾಮ ಸಿಕ್ಕಿತ್ತು. ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರಲ್ಲಿ ಪಿಆರ್‌ಪಿ ಬೇಡ ಅಂತ ಗಟ್ಟಿಯಾಗಿ ಹೇಳಿತು, ಅದಕ್ಕೆ ಕೊಟ್ಟ ಮುಖ್ಯ ಕಾರಣವೂ ಇದೇ: ಒಬ್ಬೊಬ್ಬರು ಒಂದೊಂದು ಥರ ತಯಾರಿಸುತ್ತಾರೆ, ಒಳಗೆ ಏನು ಹೋಗುತ್ತಿದೆ ಅಂತ ಹೇಳುವುದೇ ಕಷ್ಟ. ಅದೇ ದೇಶದ ಮೂಳೆ ತಜ್ಞರ ಸಂಘ ಮಾತ್ರ 2021ರಲ್ಲಿ ನೋವು ಕಡಿಮೆಯಾಗಬಹುದು ಅಂದಿತು, ಪುರಾವೆ ಅಷ್ಟು ಗಟ್ಟಿಯಿಲ್ಲ ಅಂತಲೂ ಸೇರಿಸಿತು.

ಹಾಗಾದರೆ ಕೌಂಟರ್‌ನಲ್ಲಿ ಸಾವಿರಗಟ್ಟಲೆ ಎಣಿಸುವ ಮುಂಚೆ ಕೇಳಬೇಕಾದದ್ದು ಇದು: "ಸಾರ್, ನನ್ನ ರಕ್ತದಲ್ಲಿ ಪ್ಲೇಟ್‌ಲೆಟ್ ಎಷ್ಟಿತ್ತು, ಸಿರಿಂಜಿನಲ್ಲಿ ಎಷ್ಟಾಯಿತು?" ಲ್ಯಾಬ್ ಇರುವ ಕಡೆ ಇದನ್ನು ಎಣಿಸುವುದು ದೊಡ್ಡ ಕೆಲಸವೇನಲ್ಲ. ಸಿಡುಕಿದರೆ ಬೇರೆ ಡಾಕ್ಟರನ್ನು ನೋಡಿ. ಕೇಳುವುದಕ್ಕೆ ಸಂಕೋಚ ಪಡಬೇಡಿ. ಎತ್ತು ಕೊಳ್ಳುವಾಗ ಹಲ್ಲು ನೋಡದೆ ಕೊಳ್ಳುವವರು ನಾವಲ್ಲ.

ಇನ್ನು ನನ್ನ ಪಾಳಿ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು 4 ಕಿಲೋ ಕಡಿಮೆಯಾಗುತ್ತದೆ, ಇದು ಅಳೆದು ನೋಡಿದ ಲೆಕ್ಕ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದರೆ ಕೀಲಿಗೆ ಆಸರೆ ಸಿಗುತ್ತದೆ. ಈಗಲೇ ಮಾಡಬಹುದು, ರೇಡಿಯೋ ಆರಿಸಬೇಕಿಲ್ಲ. ಕಾಲು ಚಾಚಿ ಕೂಡಿ. ಟವೆಲ್ ಸುತ್ತಿ ಮೊಣಕಾಲಿನ ಕೆಳಗಿಡಿ. ಈಗ ಮೊಣಕಾಲಿನಿಂದ ಟವೆಲನ್ನು ನೆಲಕ್ಕೆ ಒತ್ತಿ, ಪಾದದ ಬೆರಳು ನಿಮ್ಮ ಕಡೆ ಎಳೆದುಕೊಳ್ಳಿ. ತೊಡೆ ಮೇಲೆ ಕೈ ಇಟ್ಟು ನೋಡಿ, ಬಿಗಿ ಬಂತಾ? ಐದು ಎಣಿಸಿ ಬಿಡಿ. ಹೀಗೆ ಹತ್ತು ಸಲ, ಬೆಳಿಗ್ಗೆ ಸಂಜೆ. ಉಸಿರು ಮಾತ್ರ ಹಿಡಿಯಬೇಡಿ. ಪಿಆರ್‌ಪಿ ಹಾಕಿಸಿಕೊಂಡರೂ ಇದು ತಪ್ಪುವುದಿಲ್ಲ, ಹಾಕಿಸಿಕೊಂಡೆವಲ್ಲ ಅಂತ ಕಾಲು ಮಡಚಿ ಕೂತವರಿಗೆ ನೋವು ತಿರುಗಿ ಬರುವುದನ್ನು ನಾನು ನೋಡುತ್ತಲೇ ಇರುತ್ತೇನೆ.

ಹಾಕಿಸಿಕೊಳ್ಳುತ್ತೀರಿ ಅಂತಲೇ ಇಟ್ಟುಕೊಳ್ಳಿ. ಪ್ಲೇಟ್‌ಲೆಟ್ ಕಡಿಮೆ ಇರುವವರು, ರಕ್ತದ ಕಾಯಿಲೆ ಇರುವವರು, ಮೈಯಲ್ಲಿ ಎಲ್ಲಾದರೂ ಕೀವು ಅಥವಾ ಜ್ವರ ಇರುವವರು ಮೊದಲೇ ಹೇಳಿಬಿಡಿ. ಹೃದಯಕ್ಕೆ, ಲಕ್ವಕ್ಕೆ ರಕ್ತ ತೆಳುವಾಗುವ ಮಾತ್ರೆ ನುಂಗುವವರು ಅದನ್ನು ನೀವಾಗಿ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರನ್ನೇ ಕೇಳಿ. ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್ ಥರದ ನೋವಿನ ಗುಳಿಗೆಯನ್ನು ಸಾಮಾನ್ಯವಾಗಿ ಒಂದು ವಾರ ಮುಂಚೆಯೇ ಬಿಡಿಸುತ್ತಾರೆ, ಅದು ಪ್ಲೇಟ್‌ಲೆಟ್ ಕೆಲಸಕ್ಕೆ ಅಡ್ಡಿ. ಚುಚ್ಚಿದ ಮೇಲೆ ಎರಡು ಮೂರು ದಿನ ಊತ, ನೋವು ಜಾಸ್ತಿಯಾಗುವುದು ಮಾಮೂಲಿ. ಬಟ್ಟೆಯಲ್ಲಿ ಐಸ್ ಸುತ್ತಿ ಇಟ್ಟುಕೊಳ್ಳಿ. ಅದು ಬಿಟ್ಟು ಚಳಿ ಜ್ವರ ಬಂದರೆ, ಮೊಣಕಾಲು ಕೆಂಪಾಗಿ ಕೆಂಡದ ಹಾಗೆ ಸುಟ್ಟರೆ, ಕಾಲು ಅಲುಗಾಡಿಸಲೂ ಆಗದಿದ್ದರೆ ನಾಳೆ ನೋಡೋಣ ಅನ್ನಬೇಡಿ. ಕೀಲಿನೊಳಗೆ ಸೋಂಕಾಗುವುದು ಅಪರೂಪ, ಆದರೆ ಆಗಿಬಿಟ್ಟರೆ ಗಂಟೆಗಳ ಲೆಕ್ಕ. ಅದೇ ದಿನ, ರಾತ್ರಿಯಾದರೂ ಸರಿ, ಜಿಲ್ಲಾ ಆಸ್ಪತ್ರೆಗೆ ಹೋಗಿಬಿಡಿ. ನಮಸ್ಕಾರ.