12 ಹೆಸರು, 6 ಜಾಗ: ಹೈಸ್ಕೂಲು ತಂಡದಲ್ಲಿ ಎಲ್ಲರನ್ನೂ ಆಡಿಸುವ ಲೆಕ್ಕ

[ಪರದೆಯಲ್ಲಿ: ಶಾಲಾ ಮೈದಾನ, ವಾಲಿಬಾಲ್ ಅಂಕಣದ ಪಕ್ಕದ ಬೆಂಚು, ಜೆರ್ಸಿ ಹಾಕಿಕೊಂಡು ಕೂತ ಆರು ಮಕ್ಕಳು]

ನಮಸ್ಕಾರ. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ನಿಮ್ಮ ಶಾಲೆಯ ವಾಲಿಬಾಲ್ ತಂಡ ಹೊರಟಿದೆ ಅಂದುಕೊಳ್ಳಿ. ಎಂಟ್ರಿ ಫಾರಂನಲ್ಲಿ 12 ಹೆಸರಿದೆ. ಅಂಕಣಕ್ಕೆ ಇಳಿಯೋದು 6 ಜನ. ಪಂದ್ಯ ನಾಕೌಟ್, ಸೋತರೆ ಅವತ್ತೇ ವಾಪಸ್. ಹಾಗಾಗಿ ಮೇಷ್ಟ್ರು ಚೆನ್ನಾಗಿ ಆಡುವ ಆರು ಜನರನ್ನೇ ಕೊನೇವರೆಗೂ ಆಡಿಸ್ತಾರೆ. ಉಳಿದ ಆರು ಮಕ್ಕಳು ಬೆಳಿಗ್ಗೆ ಆರಕ್ಕೆ ಎದ್ದು ಬಂದು, ಬಾಲ್ ಮುಟ್ಟದೆ ಮನೆಗೆ ಹೋಗ್ತಾರೆ. ಅವರಲ್ಲಿ ಬಹಳ ಜನ ಎಂಟನೇ, ಒಂಬತ್ತನೇ ಕ್ಲಾಸಿನವರು. ಈ ವರ್ಷದ ಎಸ್‌ಎಸ್‌ಎಲ್‌ಸಿ ಮಕ್ಕಳು ಶಾಲೆ ಬಿಟ್ಟ ಮೇಲೆ ಮುಂದಿನ ವರ್ಷ ತಂಡ ಅಂದರೆ ಇವರೇ. ಒಂದು ಪಂದ್ಯದ ಒತ್ತಡವನ್ನೂ ನೋಡದ ಮಕ್ಕಳ ಮೇಲೆ ಇಡೀ ತಂಡ ಕಟ್ಟಬೇಕಾಗುತ್ತೆ.

ಹನ್ನೆರಡೂ ಮಕ್ಕಳನ್ನು ಆಡಿಸಬಹುದು, ಅದಕ್ಕಾಗಿ ಪಂದ್ಯ ಬಿಟ್ಟುಕೊಡಬೇಕಾಗಿಲ್ಲ. ಆಟದ ನಿಯಮದಲ್ಲೇ ಅದಕ್ಕೆ ದಾರಿ ಇದೆ. ಆದರೆ ಅದನ್ನು ಹಿಂದಿನ ದಿನವೇ ಕೂತು ಬರೆದಿಟ್ಟುಕೊಳ್ಳಬೇಕು. ಪಂದ್ಯದ ಮಧ್ಯೆ ಹೊಳೆಯಲಿ ಅಂತ ಕಾದರೆ ಆಗೋದಿಲ್ಲ.

ಮೊದಲು ನಿಯಮ ನೋಡೋಣ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ವಾಲಿಬಾಲ್‌ನಲ್ಲಿ ಒಂದು ಸೆಟ್‌ಗೆ 6 ಬದಲಾವಣೆ. ಒಬ್ಬನನ್ನು ಹೊರಗೆ ಕರೆದು ಇನ್ನೊಬ್ಬನನ್ನು ಕಳಿಸಿದರೆ ಒಂದು. ಮೊದಲಿನವನು ವಾಪಸ್ ಬಂದರೆ ಇನ್ನೊಂದು. ಶುರುವಿನಲ್ಲಿ ಆಡಿದವನು ಆ ಸೆಟ್‌ನಲ್ಲಿ ಒಂದೇ ಸಲ ಹೊರಗೆ ಹೋಗಬಹುದು, ಒಂದೇ ಸಲ ಒಳಗೆ ಬರಬಹುದು, ಬರುವಾಗ ತನ್ನ ಜಾಗಕ್ಕೇ ಬರಬೇಕು. ಬದಲಿ ಆಟಗಾರನೂ ಒಂದೇ ಸಲ ಬರಬಹುದು, ಯಾರ ಜಾಗಕ್ಕೆ ಬಂದನೋ ಅವನೇ ಬಂದು ಇವನನ್ನು ಹೊರಗೆ ಕಳಿಸಬೇಕು. ಅಂದರೆ ಆ ಸೆಟ್ ಮುಗಿಯುವವರೆಗೆ ಇಬ್ಬರೂ ಒಂದು ಜೋಡಿ. ಲಿಬೆರೊ, ಅಂದರೆ ಹಿಂದಿನ ಸಾಲಿನಲ್ಲಿ ಮಾತ್ರ ಆಡುವ ರಕ್ಷಣೆಯ ಆಟಗಾರ, ಹೋಗಿ ಬರೋದು ಈ ಆರರ ಲೆಕ್ಕಕ್ಕೆ ಸೇರೋದೇ ಇಲ್ಲ.

[ಪರದೆಯಲ್ಲಿ: ಅಂಕಣದ ಚಿತ್ರ, ಆರು ಜಾಗಗಳಲ್ಲಿ 1ರಿಂದ 6ರವರೆಗೆ ಜೆರ್ಸಿ ನಂಬರ್]

ಈಗ ಪೆನ್ನು ಹಿಡಿದುಕೊಳ್ಳಿ. ಜೆರ್ಸಿ ನಂಬರ್ 1 ಲಿಫ್ಟರ್, ಅಂದರೆ ಹೊಡೆಯುವವರಿಗೆ ಬಾಲ್ ಎತ್ತಿ ಕೊಡುವವನು. 2 ಮತ್ತು 5 ಬದಿಯಿಂದ ಹೊಡೆಯುವ ಅಟ್ಯಾಕರ್‌ಗಳು. 3 ಮತ್ತು 6 ನಡುವಿನ ಬ್ಲಾಕರ್‌ಗಳು. 4 ಲಿಫ್ಟರ್‌ನ ಎದುರು ಜಾಗದ ಅಟ್ಯಾಕರ್. 7 ಲಿಬೆರೊ. 8, 9, 10 ಬದಲಿ ಆಟಗಾರರು. 11 ಎರಡನೇ ಲಿಫ್ಟರ್, 12 ಇನ್ನೊಬ್ಬ ಬ್ಲಾಕರ್. ಸೆಟ್ ಶುರುವಾಗುವಾಗ ಒಂದನೇ ಜಾಗದಲ್ಲಿ 1, ಎರಡನೇ ಜಾಗದಲ್ಲಿ 2, ಹೀಗೇ ಆರರವರೆಗೆ. 2, 3, 4ನೇ ಜಾಗ ನೆಟ್ ಹತ್ತಿರ, ಉಳಿದ ಮೂರು ಹಿಂದಿನ ಸಾಲು. ಎದುರಾಳಿಯಿಂದ ಸರ್ವಿಸ್ ನಮಗೆ ಬಂದಾಗಲೆಲ್ಲ ಆರೂ ಜನ ಒಂದೊಂದು ಜಾಗ ಸರಿಯುತ್ತಾರೆ, ಅದೇ ರೊಟೇಷನ್. ಆಗ ಎರಡನೇ ಜಾಗದವನು ಒಂದನೇ ಜಾಗಕ್ಕೆ ಬಂದು ಸರ್ವಿಸ್ ಮಾಡ್ತಾನೆ.

ಜೋಡಿ ಹೀಗೆ ಮಾಡಿ: 2ಕ್ಕೆ 8, 4ಕ್ಕೆ 9, 5ಕ್ಕೆ 10. ಮೊದಲ ರೊಟೇಷನ್‌ನಲ್ಲಿ 2 ಸರ್ವಿಸ್‌ಗೆ ಬರುತ್ತಾನೆ. ಅಲ್ಲಿ 8ನ್ನು ಕಳಿಸಿ. ಅವನು ಸರ್ವಿಸ್ ಮಾಡಿ, ಹಿಂದಿನ ಸಾಲಿನಲ್ಲಿ ಮೂರು ರೊಟೇಷನ್ ಆಡ್ತಾನೆ. ನಾಲ್ಕನೇ ರೊಟೇಷನ್‌ನಲ್ಲಿ ಆ ಜಾಗ ನೆಟ್ ಹತ್ತಿರ ಬರುತ್ತೆ, ಆಗ 2 ವಾಪಸ್. ಅದೇ ರೀತಿ 9 ಮೂರನೇ ರೊಟೇಷನ್‌ಗೆ ಬಂದು ಆರನೆಯದಕ್ಕೆ ಹೊರಗೆ. 10 ನಾಲ್ಕನೆಯದಕ್ಕೆ ಬಂದು ಏಳನೆಯದಕ್ಕೆ ಹೊರಗೆ. ಆರೂ ಬದಲಾವಣೆ ಸರಿಯಾಗಿ ಮುಗಿದವು. 3 ಮತ್ತು 6 ಹಿಂದಿನ ಸಾಲಿಗೆ ಬಂದಾಗ ಅವರ ಸರ್ವಿಸ್ ಆದ ಮೇಲೆ ಲಿಬೆರೊ ಬರ್ತಾನೆ. ಹೀಗೆ ಒಂದೇ ಸೆಟ್‌ನಲ್ಲಿ ಹತ್ತು ಜನ ಆಡಿದಂತಾಯ್ತು.

ಗಮನಿಸಿ, ನೆಟ್ ಹತ್ತಿರ ನಿಮ್ಮ ಹೊಡೆಯುವ ಶಕ್ತಿ ಒಂದು ರೊಟೇಷನ್‌ನಲ್ಲೂ ಕಮ್ಮಿ ಆಗಿಲ್ಲ. ಹೊಸಬರು ಬಂದಿದ್ದು ಹಿಂದಿನ ಸಾಲಿಗೆ ಮಾತ್ರ. ಅಲ್ಲಿ ಅವರಿಗೆ ಬೇಕಾಗೋದು ಸರ್ವಿಸ್ ಮತ್ತು ಪಾಸ್. ಇವೆರಡನ್ನು ದಿನಕ್ಕೆ ಅರ್ಧ ಗಂಟೆಯಂತೆ ಕಲಿಸಿದರೆ ಎತ್ತರ ಕಮ್ಮಿ ಇರುವ ಎಂಟನೇ ಕ್ಲಾಸಿನ ಹುಡುಗನೂ ಮಾಡ್ತಾನೆ.

ಉಳಿದ 11 ಮತ್ತು 12? ಎರಡನೇ ಸೆಟ್ ಅನ್ನು ಅವರಿಂದಲೇ ಶುರು ಮಾಡಿ, 1 ಮತ್ತು 3ರ ಜಾಗದಲ್ಲಿ. ಶುರುವಿನ ಪಟ್ಟಿಯಲ್ಲೇ ಇದ್ದರೆ ಒಂದು ಬದಲಾವಣೆಯೂ ಖರ್ಚಾಗಲ್ಲ. ಆಟ ಕೈಮೀರುತ್ತಿದೆ ಅನಿಸಿದರೆ 1 ಮತ್ತು 3 ಬೆಂಚಿನಲ್ಲಿ ಸಿದ್ಧ ಇದ್ದಾರೆ.

ತಪ್ಪಾಗೋದು ಜೋಡಿಯ ವಿಷಯದಲ್ಲಿ. ಗದ್ದಲದಲ್ಲಿ 8ನ್ನು ಹೊರಗೆ ಕರೆದು 5ನ್ನು ಕಳಿಸಿಬಿಡ್ತಾರೆ. ಅದು ನಿಯಮಕ್ಕೆ ವಿರುದ್ಧ. ಆಟ ಮುಂದುವರಿದ ಮೇಲೆ ಗೊತ್ತಾದರೆ ಎದುರಾಳಿಗೆ ಪಾಯಿಂಟ್ ಮತ್ತು ಸರ್ವಿಸ್ ಎರಡೂ ಹೋಗುತ್ತೆ, ಆ ತಪ್ಪಿನ ನಂತರ ನೀವು ಗಳಿಸಿದ ಪಾಯಿಂಟ್‌ಗಳೂ ರದ್ದು. ಇನ್ನೊಂದು ಹೆದರಿಕೆ, ಆರೂ ಮುಗಿದ ಮೇಲೆ ಯಾರಿಗಾದರೂ ಕಾಲು ಉಳುಕಿದರೆ? ಅದಕ್ಕೆ ನಿಯಮದಲ್ಲಿ ವಿಶೇಷ ಬದಲಾವಣೆ ಇದೆ. ಆ ಹೊತ್ತಿಗೆ ಅಂಕಣದ ಹೊರಗಿರುವ ಯಾರನ್ನಾದರೂ, ಲಿಬೆರೊ ಮತ್ತು ಅವನು ಬದಲಿಸಿದ ಆಟಗಾರನನ್ನು ಬಿಟ್ಟು, ಕಳಿಸಬಹುದು. ಗಾಯವಾದವನು ಮತ್ತೆ ಆ ಪಂದ್ಯ ಆಡುವಂತಿಲ್ಲ.

[ಪರದೆಯಲ್ಲಿ: ಎಕ್ಸಾಂ ಪ್ಯಾಡ್, ಅದರ ಮೇಲೆ 12 ಸಾಲಿನ ಹಾಳೆ]

ಈ ಹಾಳೆಯನ್ನು ಹತ್ತಿರದಿಂದ ನೋಡಿ. ಎಡಗಡೆ ಹನ್ನೆರಡು ಹೆಸರು. ತಂಡ ಒಂದು ರೊಟೇಷನ್ ಆದಾಗಲೆಲ್ಲ ಅಂಕಣದಲ್ಲಿರುವವರ ಹೆಸರಿನ ಮುಂದೆ ಒಂದು ಗೀಟು. ಐದನೇ ಗೀಟು ಅಡ್ಡಕ್ಕೆ. ಬಲಗಡೆ ಮೇಲೆ ದೊಡ್ಡದಾಗಿ 2–8, 4–9, 5–10. ಬೆಂಚಿನಲ್ಲಿರುವ ಒಬ್ಬ ಹುಡುಗಿಗೋ ಹುಡುಗನಿಗೋ ಈ ಪ್ಯಾಡ್ ಕೊಟ್ಟುಬಿಡಿ. ಪಂದ್ಯ ಮುಗಿದಾಗ ಯಾರು ಎಷ್ಟು ಆಡಿದರು ಅನ್ನೋದು ಕಣ್ಣಿಗೆ ಕಾಣುತ್ತೆ. "ಎಲ್ಲರನ್ನೂ ಆಡಿಸಿದೀನಿ" ಅಂತ ನಮ್ಮ ನೆನಪು ಹೇಳುತ್ತೆ, ಎರಡೇ ಗೀಟು ಇರುವ ಸಾಲು ಬೇರೆ ಹೇಳುತ್ತೆ. ಹಾಳೆಯನ್ನೇ ನಂಬಿ.

ಕಬಡ್ಡಿಗೆ ಬರೋಣ. ಅಲ್ಲಿ 12ರಲ್ಲಿ 7 ಜನ ಒಳಗೆ, 5 ಜನ ಹೊರಗೆ. ಸಬ್‌ಜೂನಿಯರ್, ಅಂದರೆ ಚಿಕ್ಕ ವಯಸ್ಸಿನ ಮಕ್ಕಳ, ಪಂದ್ಯ 15 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ಬಿಡುವು. 7 ಜಾಗ, 30 ನಿಮಿಷ, ಒಟ್ಟು 210 ನಿಮಿಷ. ಹನ್ನೆರಡರಿಂದ ಭಾಗಿಸಿದರೆ ತಲಾ ಹದಿನೇಳೂವರೆ. ಸಮವಾಗಿ ಹಂಚಿ ಅಂತ ಹೇಳ್ತಿಲ್ಲ. ಆದರೆ ಹತ್ತು ನಿಮಿಷವಾದರೂ ಸಿಗದ ಮಗುವನ್ನು ಯಾಕೆ ಕರೆದುಕೊಂಡು ಹೋದಿರಿ ಅನ್ನೋ ಪ್ರಶ್ನೆಗೆ ಉತ್ತರ ಇರಬೇಕು. ಬದಲಾವಣೆಗೆ ಸಿಗೋದು ಟೈಮ್‌ಔಟ್ ಮತ್ತು ಬಿಡುವು. ಇಲ್ಲಿ ಹೋದವರು ಮತ್ತೆ ಬರಬಹುದು. ಎಲ್ಲಕ್ಕಿಂತ ಒಳ್ಳೆ ಹೊತ್ತು ಎರಡನೇ ಅವಧಿಯ ಶುರು. ಬಿಡುವಿಗೆ ಐದು ನಿಮಿಷ ಮುಂಚೆಯೇ ಬದಲಿ ಆಟಗಾರರನ್ನು ಎಬ್ಬಿಸಿ ಓಡಿಸಿ, ಮೈ ಬಿಸಿ ಆಗಲಿ. ಹದಿನೈದು ಪಾಯಿಂಟ್ ಹಿಂದೆ ಬಿದ್ದ ಮೇಲೆ ಕೊನೇ ಎರಡು ನಿಮಿಷಕ್ಕೆ ಕಳಿಸೋದು ದಯವಿಟ್ಟು ಬೇಡ. ಮೈ ತಣ್ಣಗಿರುತ್ತೆ, ಆಂಕಲ್ ಹೋಲ್ಡ್‌ಗೆ, ಅಂದರೆ ರೈಡರ್‌ನ ಪಾದದ ಗಂಟು ಹಿಡಿಯೋಕೆ, ನುಗ್ಗಿ ಭುಜಕ್ಕೆ ಪೆಟ್ಟು ಮಾಡಿಕೊಳ್ತಾರೆ, ಕಲಿತಿದ್ದೂ ಏನಿರಲ್ಲ.

ಖೋ ಖೋದಲ್ಲಿ ತೊಂದರೆ ಬೇರೆ ಥರ. ಒಂಬತ್ತು ಜನ ಒಳಗಿದ್ದರೂ ಓಡೋದು ಮೂರು ಮೂರು ಜನರ ಬ್ಯಾಚ್. ಬಲವಾದ ಮೂವರನ್ನು ಒಂದೇ ಬ್ಯಾಚಿಗೆ ಹಾಕಿದರೆ ಅವರೇ ಐದಾರು ನಿಮಿಷ ಎಳೆಯುತ್ತಾರೆ, ಒಂಬತ್ತು ನಿಮಿಷದ ಸರದಿಯಲ್ಲಿ ಮೂರನೇ ಬ್ಯಾಚ್ ಅಂಕಣ ಮುಟ್ಟೋದೇ ಇಲ್ಲ. ಪ್ರತಿ ಬ್ಯಾಚಿಗೆ ಒಬ್ಬ ಬಲವಾದವನು, ಒಬ್ಬ ಸಾಧಾರಣ, ಒಬ್ಬ ಹೊಸಬ ಅಂತ ಬೆರೆಸಿ. ಹೊಸಬ ಬೇಗ ಔಟ್ ಆದರೂ ಮೂವರೂ ಔಟ್ ಆಗುವವರೆಗೆ ಮುಂದಿನ ಬ್ಯಾಚ್ ಬರಲ್ಲವಲ್ಲ, ಬಲವಾದವನು ಒಬ್ಬನೇ ಸಮಯ ಎಳೆಯುತ್ತಾನೆ. ಎರಡನೇ ಇನಿಂಗ್ಸ್‌ಗೆ ಮೂರನೇ ಬ್ಯಾಚನ್ನೇ ಮೊದಲು ಓಡಿಸಿ.

ಇನ್ನು ತಂಡಕ್ಕೆ ಎಷ್ಟು ಜನ? ಪಂದ್ಯಕ್ಕೆ 12 ಸರಿ. ಅಭ್ಯಾಸಕ್ಕೆ ಒಂದೇ ನೆಟ್ ಇದ್ದರೆ 16ರಿಂದ 18 ಸಾಕು. ಎರಡೂ ಕಡೆ ಸೇರಿ 12 ಜನ ಆಡುವಾಗ ಉಳಿದ ನಾಲ್ಕರಿಂದ ಆರು ಜನ ಗೋಡೆಗೆ ಪಾಸ್ ಹೊಡೆಯಬಹುದು. 25 ಆದರೆ ಅರ್ಧದಷ್ಟು ಮಕ್ಕಳು ನಿಂತೇ ಇರ್ತಾರೆ. 12 ಆರಿಸುವಾಗ ಜೋರಾಗಿ ಹೊಡೆಯುವ ಹನ್ನೆರಡು ಜನರನ್ನು ಆರಿಸಬೇಡಿ. ಎರಡನೇ ಲಿಫ್ಟರ್ ಇಲ್ಲದ ತಂಡ, ಮೊದಲನೆಯವನಿಗೆ ಜ್ವರ ಬಂದ ದಿನ ಮುಗಿಯುತ್ತೆ.

ಅಮೆರಿಕದಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರಿಗೂ ಒಂದು ಮಾತು. ಅಲ್ಲಿನ ಹೈಸ್ಕೂಲು ವಾಲಿಬಾಲ್ ನಿಯಮದಲ್ಲಿ ಸೆಟ್‌ಗೆ 18 ಬದಲಾವಣೆ. ಜೊತೆಗೆ ಅನೇಕ ಶಾಲೆಗಳಲ್ಲಿ ವಾರ್ಸಿಟಿ ಅನ್ನೋ ಮುಖ್ಯ ತಂಡ, ಅದರ ಕೆಳಗೆ ಜೂನಿಯರ್ ವಾರ್ಸಿಟಿ, ಒಂಬತ್ತನೇ ತರಗತಿಯವರ ಫ್ರೆಶ್‌ಮನ್ ಅಂತ ಬೇರೆ ಬೇರೆ ತಂಡ. ವಾರ್ಸಿಟಿ ಬೆಂಚಿನಲ್ಲಿ ವರ್ಷವಿಡೀ ಕೂರೋದಕ್ಕಿಂತ ಜೂನಿಯರ್ ವಾರ್ಸಿಟಿಯಲ್ಲಿ ಪೂರ್ತಿ ಆಡೋದು ಒಂಬತ್ತನೇ ತರಗತಿಯ ಮಗುವಿಗೆ ಒಳ್ಳೆಯದು ಅನ್ನೋದು ನಮ್ಮ ಅಭಿಪ್ರಾಯ. ಆ ಪದ್ಧತಿಯಿಂದ ನಾವಿಲ್ಲಿ ತಗೊಳ್ಳಬಹುದಾದದ್ದು ಬಿ ಟೀಂ. ಹೋಬಳಿ ಕೂಟಕ್ಕೆ ತಿಂಗಳು ಮುಂಚೆ ಪಕ್ಕದ ಶಾಲೆಯವರ ಜೊತೆ ಮಾತಾಡಿ, ಮೂರು ಶನಿವಾರ ಸ್ನೇಹ ಪಂದ್ಯ ಇಟ್ಟುಕೊಳ್ಳಿ. ಎ ಟೀಂ ಒಂದು ಪಂದ್ಯ, ಬಿ ಟೀಂ ಒಂದು ಪಂದ್ಯ. ನಾಕೌಟ್ ಕೂಟದಲ್ಲಿ ಕೊಡಲಾಗದ ನಿಮಿಷಗಳೆಲ್ಲ ಇಲ್ಲಿ ಸಿಗುತ್ತವೆ.

[ಪರದೆಯಲ್ಲಿ: ನೋಟಿಸ್ ಬೋರ್ಡಿಗೆ ಹಚ್ಚಿದ ಒಂದು ಹಾಳೆ]

ಕೊನೆಯದಾಗಿ, ನಿಮ್ಮ ನಿಯಮವನ್ನು ಆಯ್ಕೆಗೆ ಮುಂಚೆಯೇ ಬರೆದು ಹಚ್ಚಿ. ಅಭ್ಯಾಸಕ್ಕೆ ಎಷ್ಟು ದಿನ ಬರಬೇಕು. ಸ್ನೇಹ ಪಂದ್ಯದಲ್ಲಿ ಎಲ್ಲರಿಗೂ ಸಮ. ಹೋಬಳಿ ಕೂಟದ ಮೊದಲ ಪಂದ್ಯದಲ್ಲಿ ಪ್ರತಿಯೊಬ್ಬರಿಗೂ ಕನಿಷ್ಠ ಮೂರು ರೊಟೇಷನ್. ತಾಲ್ಲೂಕು, ಜಿಲ್ಲೆಗೆ ಹೋದ ಮೇಲೆ ತೀರ್ಮಾನ ಮೇಷ್ಟ್ರದ್ದು. ಪೋಷಕರು ಮಾತಾಡೋದಾದರೆ ಪಂದ್ಯದ ಮಾರನೇ ದಿನ, ಸ್ಟಾಫ್ ರೂಮಿನಲ್ಲಿ, ಗೀಟಿನ ಹಾಳೆ ಮುಂದಿಟ್ಟುಕೊಂಡು. ಮತ್ತೆ, ಆಯ್ಕೆಯಾಗದ ಮಕ್ಕಳ ಹೆಸರನ್ನು ಪ್ರಾರ್ಥನೆ ಸಾಲಿನಲ್ಲಿ ಹೇಳಬೇಡಿ. ಒಬ್ಬೊಬ್ಬರನ್ನೇ ಕರೆದು, ಏನು ಸುಧಾರಿಸಬೇಕು ಅಂತ ಒಂದೇ ಒಂದು ವಿಷಯ ಹೇಳಿ: "ಹತ್ತು ಸರ್ವಿಸ್‌ನಲ್ಲಿ ಎಂಟು ನೆಟ್ ದಾಟಲಿ, ಜನವರಿಯಲ್ಲಿ ಮತ್ತೆ ನೋಡ್ತೀನಿ." ಹೇಳಿದ ಮೇಲೆ ಜನವರಿಯಲ್ಲಿ ನೋಡಿ.