ಯುದ್ಧಕ್ಕೆ ಕಾರಣ ಕೇಳಿದವರು

ಕೇಳುಗರೆಲ್ಲರಿಗೂ ನಮಸ್ಕಾರ.

2003ರ ಮಾರ್ಚ್ 17, ಸೋಮವಾರ ರಾತ್ರಿ. ಲಂಡನ್ನಿನಲ್ಲಿ ಬ್ರಿಟನ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆ ಕಿಕ್ಕಿರಿದಿದೆ. ಹಿಂದಿನ ಸಾಲಿನಿಂದ ರಾಬಿನ್ ಕುಕ್ ಎದ್ದು ನಿಲ್ಲುತ್ತಾರೆ. ನಾಲ್ಕು ವರ್ಷ ಬ್ರಿಟನ್ನಿನ ವಿದೇಶಾಂಗ ಸಚಿವರಾಗಿದ್ದವರು ಅವರು. ಅಂದು ಬೆಳಿಗ್ಗೆಯವರೆಗೂ ಪ್ರಧಾನಿ ಟೋನಿ ಬ್ಲೇರ್ ಸಂಪುಟದಲ್ಲಿದ್ದರು. ಈಗ ಇರಾಕಿನ ಮೇಲಿನ ಯುದ್ಧವನ್ನು ಒಪ್ಪದೆ ರಾಜೀನಾಮೆ ಕೊಟ್ಟು, ಯಾಕೆ ಕೊಟ್ಟೆ ಎಂದು ಹೇಳಲು ನಿಂತಿದ್ದಾರೆ.

ಅವರ ಮಾತು ಹತ್ತು ಹನ್ನೆರಡು ನಿಮಿಷದ್ದು. ಅದರೊಳಗಿನ ಒಂದು ವಾದ ಇಷ್ಟು ವರ್ಷವಾದರೂ ನನ್ನ ತಲೆಯಿಂದ ಹೋಗಿಲ್ಲ. ಇರಾಕಿನ ಸೇನೆ ಸೊರಗಿದೆ, ಬೇಗ ಗೆದ್ದುಬಿಡಬಹುದು ಎಂಬ ಲೆಕ್ಕದ ಮೇಲೆ ಯುದ್ಧದ ಯೋಜನೆ ನಿಂತಿದೆ. ಅದೇ ಇರಾಕಿನಿಂದ ಭಾರಿ ಅಪಾಯವಿದೆ ಎಂಬ ಮಾತಿನ ಮೇಲೆ ಯುದ್ಧದ ಸಮರ್ಥನೆ ನಿಂತಿದೆ. ಇರಾಕಿನ ಸರ್ವಾಧಿಕಾರಿ ಸದ್ದಾಂ ಹುಸೇನ್ ದುರ್ಬಲ ಎಂದು ದಂಡೆತ್ತಿ ಹೋಗುವುದು, ಸದ್ದಾಂ ಬಲಿಷ್ಠ ಎಂದು ಅದಕ್ಕೆ ಕಾರಣ ಕೊಡುವುದು, ಇವೆರಡೂ ಒಟ್ಟಿಗೆ ಆಗುವುದಿಲ್ಲ ಎಂದರು ಕುಕ್. ಚಪ್ಪಾಳೆ ತಟ್ಟುವ ರೂಢಿಯೇ ಇಲ್ಲದ ಆ ಸಭೆಯಲ್ಲಿ ಅಂದು ಚಪ್ಪಾಳೆ ಕೇಳಿಸಿತು.

ಮರುದಿನ ಬ್ಲೇರ್ ಅವರ ಸರದಿ. ಅವರ ಮಾತನ್ನೂ ನಾವು ಸರಿಯಾಗಿ ಕೇಳಿಸಿಕೊಳ್ಳಬೇಕು. ಇರಾಕ್ ಯುದ್ಧದ ವಿಷಯ ಬಂದಾಗ ಒಂದು ಕಡೆ ಪ್ರಾಮಾಣಿಕರು, ಇನ್ನೊಂದು ಕಡೆ ಸುಳ್ಳರು ಎಂದು ಭಾಗ ಮಾಡಿ ಮುಗಿಸಿಬಿಡುವವರಿದ್ದಾರೆ. ನಾನು ಹಾಗೆ ಮಾಡಲಾರೆ. ಬ್ಲೇರ್ ವಾದ ಹೀಗಿತ್ತು: ಭಯೋತ್ಪಾದಕ ಗುಂಪುಗಳು ಒಂದು ಕಡೆ, ರಾಸಾಯನಿಕ ಮತ್ತು ಜೈವಿಕ ಅಸ್ತ್ರಗಳಿರುವ ಸರ್ವಾಧಿಕಾರಿಗಳು ಇನ್ನೊಂದು ಕಡೆ. ಇಬ್ಬರ ನಡುವಿನ ನಂಟು ಸದ್ಯಕ್ಕೆ ಸಡಿಲವೇ, ಆದರೆ ಬಿಗಿಯಾಗುತ್ತಿದೆ. ಇಬ್ಬರೂ ಕೈ ಜೋಡಿಸುವ ದಿನದವರೆಗೆ ಕಾಯುತ್ತ ಕೂರಬೇಕೆ? ನ್ಯೂಯಾರ್ಕಿನಲ್ಲಿ, ವಾಷಿಂಗ್ಟನ್ನಿನಲ್ಲಿ, ಪೆನ್ಸಿಲ್ವೇನಿಯಾದಲ್ಲಿ ಒಂದೇ ಬೆಳಿಗ್ಗೆ ಸುಮಾರು 3,000 ಜನ ಸತ್ತು ಒಂದೂವರೆ ವರ್ಷವಷ್ಟೇ ಆಗಿತ್ತು. ಆ ಪ್ರಶ್ನೆ ಪೊಳ್ಳಲ್ಲ.

ಬ್ಲೇರ್, ಕುಕ್ ಇಬ್ಬರೂ ಇದ್ದ ಲೇಬರ್ ಪಕ್ಷದಲ್ಲೇ ಆನ್ ಕ್ಲುಯಿಡ್ ಎಂಬ ಸದಸ್ಯೆ ಇದ್ದರು. ಇರಾಕಿನ ಕುರ್ದ್ ಜನರ ಪರವಾಗಿ ಎಷ್ಟೋ ವರ್ಷದಿಂದ ಹೋರಾಡಿದವರು. 1988ರ ಮಾರ್ಚ್ 16ರಂದು ಹಲಬ್ಜಾ ಪಟ್ಟಣದ ಮೇಲೆ ಸದ್ದಾಂ ಸೇನೆ ವಿಷಾನಿಲ ಸುರಿದಾಗ ಸುಮಾರು 5,000 ಜನ ಬೀದಿಯಲ್ಲಿ, ಮನೆಯ ಹೊಸ್ತಿಲಲ್ಲಿ ಬಿದ್ದು ಸತ್ತರು. ಆಗ ಜಗತ್ತು ಹೆಚ್ಚೇನೂ ಮಾಡಲಿಲ್ಲ. ಕ್ಲುಯಿಡ್ ಯುದ್ಧದ ಪರ ನಿಂತರು. ಅವರ ಕಾರಣ ಅಸ್ತ್ರವಲ್ಲ, ಅಲ್ ಖೈದಾ ಅಲ್ಲ, ಆ ಆಡಳಿತದ ಕೈಯಲ್ಲಿ ನರಳಿದ ಜನ. ಅವರ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಆದರೆ ಅವರ ಕಾರಣ ಮೊದಲ ದಿನದಿಂದ ಕೊನೆಯವರೆಗೆ ಒಂದೇ ಆಗಿತ್ತು. ಸರ್ಕಾರಗಳ ಬಗ್ಗೆ ಆ ಮಾತು ಹೇಳಲು ಬರುವುದಿಲ್ಲ. ನನ್ನ ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಸ್ವಲ್ಪ ಹಿಂದಕ್ಕೆ ಹೋಗೋಣ. 2001ರ ಸೆಪ್ಟೆಂಬರ್ 14. ದಾಳಿಯಾಗಿ ಮೂರೇ ದಿನ. ಅಮೆರಿಕದ ಕಾಂಗ್ರೆಸ್ಸಿನ ಮುಂದೆ ಒಂದು ನಿರ್ಣಯ ಬಂತು. ಅದರ ತಿರುಳು ಇಂಗ್ಲಿಷಿನಲ್ಲಿ ಬರೀ 60 ಪದ. ಆ ದಾಳಿಯನ್ನು ಯೋಜಿಸಿದ, ನಡೆಸಿದ, ನೆರವಾದ ದೇಶ, ಸಂಘಟನೆ, ವ್ಯಕ್ತಿ ಯಾರೆಂದು ಅಧ್ಯಕ್ಷರು ತೀರ್ಮಾನಿಸುತ್ತಾರೋ ಅವರ ಮೇಲೆ, ಅವರಿಗೆ ಆಶ್ರಯ ಕೊಟ್ಟವರ ಮೇಲೆ, ಅಗತ್ಯವಾದ ಎಲ್ಲ ಬಲವನ್ನೂ ಬಳಸಬಹುದು. ಯಾವ ದೇಶ? ಹೆಸರಿಲ್ಲ. ಎಲ್ಲಿಯವರೆಗೆ? ಗಡುವಿಲ್ಲ. ಸೆನೆಟ್‌ನಲ್ಲಿ 98 ಮತ ಪರ, ವಿರುದ್ಧ ಸೊನ್ನೆ. ಕೆಳಮನೆಯಲ್ಲಿ 420 ಪರ, ಒಂದು ವಿರುದ್ಧ.

ಆ ಒಂದು ಮತ ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಅವರದು. ಸೈನ್ಯಾಧಿಕಾರಿಯ ಮಗಳು. ಅಂದು ಮಧ್ಯಾಹ್ನ ವಾಷಿಂಗ್ಟನ್ನಿನ ಕೆಥೆಡ್ರಲ್‌ನಲ್ಲಿ ಸತ್ತವರಿಗಾಗಿ ಪ್ರಾರ್ಥನೆ ನಡೆದಿತ್ತು. ನಾವು ಖಂಡಿಸುವ ಕೇಡು ನಾವೇ ಆಗದಿರಲಿ ಎಂದು ಅಲ್ಲೊಬ್ಬ ಪಾದ್ರಿ ಪ್ರಾರ್ಥಿಸಿದ್ದರು. ಆ ಮಾತನ್ನೇ ಸದನಕ್ಕೆ ತಂದು, ಗಂಟಲು ಕಟ್ಟಿದ ದನಿಯಲ್ಲಿ ಲೀ ಹೇಳಿದರು. ಅವರು ಯುದ್ಧವೇ ಬೇಡ ಎನ್ನಲಿಲ್ಲ. ಗುರಿ ಯಾರೆಂದು ತಿಳಿಯದೆ, ಹೊರಬರುವ ದಾರಿ ಯಾವುದೆಂದು ಕಾಣದೆ ಕೊನೆಯಿಲ್ಲದ ಯುದ್ಧಕ್ಕೆ ಇಳಿಯುವುದು ಬೇಡ ಎಂದರು. ಅದಕ್ಕೆ ಸಿಕ್ಕಿದ್ದು ಕೊಲೆ ಬೆದರಿಕೆ, ದೇಶದ್ರೋಹಿ ಎಂಬ ಪಟ್ಟ. ಪೊಲೀಸ್ ಕಾವಲಿನಲ್ಲಿ ಓಡಾಡಬೇಕಾಯಿತು.

ಅಫ್ಘಾನಿಸ್ತಾನದ ವಿಷಯದಲ್ಲಿ ಜಗತ್ತಿನ ಒಪ್ಪಿಗೆ ದೊಡ್ಡದಿತ್ತು, ಅದನ್ನು ಮರೆಯಬಾರದು. ದಾಳಿಯ ಮರುದಿನವೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತನ್ನ 1368ನೇ ನಿರ್ಣಯದಲ್ಲಿ ಆತ್ಮರಕ್ಷಣೆಯ ಹಕ್ಕನ್ನು ಎತ್ತಿಹೇಳಿತ್ತು. ಒಸಾಮಾ ಬಿನ್ ಲಾಡೆನ್ ಅಲ್ಲಿದ್ದ, ತಾಲಿಬಾನ್ ಅವನನ್ನು ಒಪ್ಪಿಸಲಿಲ್ಲ. ಏಟು ಕೊಟ್ಟವನಿಗೂ ತಿರುಗೇಟು ಬೀಳುವ ಜಾಗಕ್ಕೂ ನೇರವಾದ ಸಂಬಂಧವಿತ್ತು.

ಇರಾಕಿಗೆ ಆ ಸಂಬಂಧ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಮ್ಮಲ್ಲಿದೆ. ಎಮ್ಮೆಗೂ ಜ್ವರವಿದೆ ಎಂದು ತೋರಿಸಿಕೊಡಬೇಕಾಗಿತ್ತು. ಆ ಕೆಲಸ ನಡೆದ ರೀತಿ ನೋಡಿ.

2003ರ ಫೆಬ್ರುವರಿ 5ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಭದ್ರತಾ ಮಂಡಳಿಯ ಮುಂದೆ ಒಂದು ಗಂಟೆಗೂ ಮಿಕ್ಕಿ ಮಾತನಾಡಿದರು. ಉಪಗ್ರಹದ ಚಿತ್ರಗಳು, ಕದ್ದು ಕೇಳಿದ ಮಾತುಕತೆ, ಲಾರಿಗಳ ಮೇಲೆ ಓಡಾಡುವ ಜೈವಿಕ ಅಸ್ತ್ರಗಳ ಪ್ರಯೋಗಾಲಯ. ನಾನೂ ಅದನ್ನು ಟಿವಿಯಲ್ಲಿ ನೋಡಿದೆ. ನಂಬಿದೆ ಕೂಡ. ಅಷ್ಟು ಅನುಭವಸ್ಥ, ಅಷ್ಟು ತೂಕದ ಮನುಷ್ಯ, ಜಗತ್ತಿನ ಮುಂದೆ ಕೂತು ತಾಳೆ ನೋಡದೆ ಮಾತನಾಡುತ್ತಾರೆ ಅನ್ನಿಸಲಿಲ್ಲ. ಆ ಸಂಚಾರಿ ಪ್ರಯೋಗಾಲಯಗಳ ಕತೆಗೆ ಮುಖ್ಯ ಆಧಾರ ಜರ್ಮನಿಯಲ್ಲಿ ಆಶ್ರಯ ಕೇಳಿ ಬಂದಿದ್ದ ಒಬ್ಬ ಇರಾಕಿ. ಗುಪ್ತಚರರು ಅವನಿಗೆ ಕೊಟ್ಟ ಸಂಕೇತನಾಮ ಕರ್ವ್‌ಬಾಲ್. ತಾನು ಹೇಳಿದ್ದು ಸುಳ್ಳು ಎಂದು ಅವನೇ 2011ರಲ್ಲಿ ಒಪ್ಪಿಕೊಂಡ. ಪೊವೆಲ್ ಅಷ್ಟರವರೆಗೂ ಕಾದಿರಲಿಲ್ಲ. ಆ ಭಾಷಣ ತಮ್ಮ ಹೆಸರಿಗೆ ಅಂಟಿದ ಕಳಂಕ ಎಂದು 2005ರಲ್ಲೇ ಹೇಳಿದ್ದರು.

ಇನ್ನೊಂದು ಕಾರಣ ಯುರೇನಿಯಂ. ಆಫ್ರಿಕಾದಿಂದ ಇರಾಕ್ ಯುರೇನಿಯಂ ತರಿಸಿಕೊಳ್ಳಲು ನೋಡಿದೆ ಎಂದು ಅಧ್ಯಕ್ಷ ಜಾರ್ಜ್ ಬುಷ್ ಜನವರಿ 28ರಂದು ಕಾಂಗ್ರೆಸ್ಸಿನಲ್ಲಿ ಹೇಳಿದ್ದರು. ನೈಜರ್ ದೇಶದ ಜೊತೆ ವ್ಯವಹಾರ ನಡೆಯಿತೆನ್ನುವ ಪತ್ರಗಳು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಕೈಗೆ ಬಂದಾಗ ಅಲ್ಲಿನವರಿಗೆ ಅವು ಖೋಟಾ ಎಂದು ತಿಳಿಯಲು ಹೆಚ್ಚು ದಿನ ಹಿಡಿಯಲಿಲ್ಲ. ಸಂಸ್ಥೆಯ ಮುಖ್ಯಸ್ಥ ಮೊಹಮ್ಮದ್ ಎಲ್‌ಬರಾದಿ ಮಾರ್ಚ್ 7ರಂದು ಭದ್ರತಾ ಮಂಡಳಿಯಲ್ಲಿ ಅದನ್ನು ಎಲ್ಲರೆದುರು ಹೇಳಿದರು. ಯುದ್ಧ ಶುರುವಾದದ್ದು ಮಾರ್ಚ್ 20ಕ್ಕೆ. ನಡುವೆ ಎರಡು ವಾರಕ್ಕೆ ಒಂದು ದಿನ ಕಡಿಮೆ. ಕಾರಣದ ಒಂದು ಕಂಬವೇ ಖೋಟಾ ಎಂದು ಗೊತ್ತಾದಮೇಲೆ ದಿನಾಂಕವಾದರೂ ಮುಂದಕ್ಕೆ ಹೋಗಬೇಕಿತ್ತಲ್ಲ? ಹೋಗಲಿಲ್ಲ. ಹಾನ್ಸ್ ಬ್ಲಿಕ್ಸ್ ಅವರ ನೇತೃತ್ವದ ವಿಶ್ವಸಂಸ್ಥೆಯ ಅಸ್ತ್ರ ತಪಾಸಕರ ತಂಡ ನವೆಂಬರ್ ಕೊನೆಯಿಂದ ಇರಾಕಿನೊಳಗೆ ಹುಡುಕುತ್ತಲೇ ಇತ್ತು. 700ಕ್ಕೂ ಹೆಚ್ಚು ತಪಾಸಣೆ ಮಾಡಿತ್ತು. ಇನ್ನೂ ಕೆಲವು ತಿಂಗಳು ಕೊಡಿ ಎಂದು ಬ್ಲಿಕ್ಸ್ ಹೇಳುತ್ತಿದ್ದರು. ಬಾಂಬ್ ಬೀಳುತ್ತದೆಂದು ತಪಾಸಕರನ್ನೇ ವಾಪಸು ಕರೆಸಿಕೊಳ್ಳಲಾಯಿತು.

ನನಗೆ ಸಿಟ್ಟು ಬರುವುದು ಇಲ್ಲಿ. ಬೇಹುಗಾರಿಕೆ ತಪ್ಪಬಹುದು. ಸರ್ಕಾರಗಳು ಮೋಸಹೋಗಬಹುದು. ಆದರೆ ಹೌದೋ ಅಲ್ಲವೋ ಎಂದು ನೋಡಲು ಕಳಿಸಿದವರು ಇನ್ನೂ ನೋಡುತ್ತಿರುವಾಗಲೇ ತೀರ್ಮಾನ ಮುಗಿದುಹೋಗಿತ್ತು ಎಂದರೆ, ಆ ಕಾರಣವನ್ನು ಹೇಳುತ್ತಿದ್ದವರಿಗೇ ಅದು ಕಾರಣವಾಗಿರಲಿಲ್ಲ ಎಂದಾಯಿತು. ಏನು ಕಂಡರೆ ನೀವು ಯುದ್ಧ ನಿಲ್ಲಿಸುತ್ತೀರಿ? ವಿರೋಧಿಸಿದವರು ಬೇರೆ ಬೇರೆ ಮಾತಿನಲ್ಲಿ ಕೇಳಿದ್ದು ಈ ಒಂದೇ ಪ್ರಶ್ನೆ. ಅದಕ್ಕೆ ಉತ್ತರ ಬರಲಿಲ್ಲ.

ಭಯೋತ್ಪಾದನೆಯ ಕಾರಣವನ್ನೇ ತೆಗೆದುಕೊಳ್ಳಿ. ಬ್ರಿಟನ್ನಿನ ಜಂಟಿ ಗುಪ್ತಚರ ಸಮಿತಿ 2003ರ ಫೆಬ್ರುವರಿಯಲ್ಲೇ ತನ್ನ ಸರ್ಕಾರಕ್ಕೆ ಬರೆದಿತ್ತು: ಇರಾಕಿನ ಮೇಲೆ ಸೇನಾ ಕಾರ್ಯಾಚರಣೆ ನಡೆದರೆ ಅಲ್ ಖೈದಾದಿಂದ ಇರುವ ಅಪಾಯ ಹೆಚ್ಚುತ್ತದೆ ಎಂದು. ಕಾಮನ್ಸ್ ಸದಸ್ಯರು ಮತ ಹಾಕುವಾಗ ಆ ಅಂದಾಜು ಅವರ ಮುಂದಿರಲಿಲ್ಲ. ಬ್ರಿಟನ್ನಿನ ಆಂತರಿಕ ಗುಪ್ತಚರ ಸಂಸ್ಥೆ ಎಂಐ5ರ ಮುಖ್ಯಸ್ಥೆಯಾಗಿದ್ದ ಎಲೈಜಾ ಮ್ಯಾನಿಂಗ್‌ಹ್ಯಾಮ್ ಬುಲರ್ 2010ರಲ್ಲಿ, ಇರಾಕ್ ಯುದ್ಧದ ಬಗ್ಗೆ ಬ್ರಿಟನ್ ನಡೆಸಿದ ಚಿಲ್ಕಾಟ್ ವಿಚಾರಣೆಯ ಮುಂದೆ ಸಾಕ್ಷಿ ಹೇಳುತ್ತ, ಆ ಯುದ್ಧದಿಂದ ಬ್ರಿಟನ್ನಿಗೆ ಭಯೋತ್ಪಾದನೆಯ ಅಪಾಯ ಹೆಚ್ಚಿದ್ದರಲ್ಲಿ ಸಂಶಯವೇ ಇಲ್ಲ ಎಂದರು. ಇರಾಕಿನಲ್ಲಿ ಅಲ್ ಖೈದಾದ ಕವಲೊಂದು ಬೇರೂರಿದ್ದು ಆಕ್ರಮಣದ ನಂತರ. ಅದೇ ಬೆಳೆದು ಐಸಿಸ್ ಆಗಿ 2014ರ ಜೂನ್‌ನಲ್ಲಿ ಮೊಸುಲ್ ನಗರವನ್ನು ನುಂಗಿತು.

ವಿರೋಧ ಬರೀ ಲಂಡನ್, ವಾಷಿಂಗ್ಟನ್‌ಗಳದ್ದಲ್ಲ. ತುರ್ಕಿಯ ಸಂಸತ್ತಿನಲ್ಲಿ ಅಮೆರಿಕದ ಸೇನೆಗೆ ದಾರಿ ಕೊಡುವ ಪ್ರಸ್ತಾವಕ್ಕೆ 264 ಮತ ಪರ, 250 ವಿರುದ್ಧ ಬಿದ್ದವು. 19 ಮಂದಿ ತಟಸ್ಥರಾಗಿ ಉಳಿದಿದ್ದರಿಂದ ಬೇಕಾದ ಬಹುಮತಕ್ಕೆ ಮೂರು ಮತ ಕಡಿಮೆಯಾಗಿ ಅದು ಬಿದ್ದುಹೋಯಿತು. ಭಾರತದ ಲೋಕಸಭೆ ಏಪ್ರಿಲ್‌ನಲ್ಲಿ ನಿರ್ಣಯ ಮಾಡುವಾಗ ಜಗಳ ಒಂದು ಶಬ್ದದ ಮೇಲೆ ಬಂತು. ಖಂಡಿಸಬೇಕೋ, ಬರೀ ವಿಷಾದಿಸಬೇಕೋ? ಕೊನೆಗೆ ಹಿಂದಿಯ 'ನಿಂದಾ' ಎಲ್ಲರಿಗೂ ಒಪ್ಪಿಗೆಯಾಯಿತು. ನಮ್ಮ ಕನ್ನಡದ ನಿಂದೆಗೆ ಬೇರೆಯೇ ಖಾರವಿದೆ, ಆದರೆ ಹಿಂದಿಯಲ್ಲಿ ಅದನ್ನು ಎರಡೂ ಬಗೆಯಲ್ಲಿ ಓದಿಕೊಳ್ಳಬಹುದು. ಅದೇ ವರ್ಷ ಜುಲೈನಲ್ಲಿ ಇರಾಕಿಗೆ ಸೈನ್ಯ ಕಳಿಸಿ ಎಂಬ ಅಮೆರಿಕದ ಕೋರಿಕೆಗೆ ವಾಜಪೇಯಿ ಸರ್ಕಾರ ಒಪ್ಪಲಿಲ್ಲ. ಆ ಉತ್ತರದಲ್ಲಿ ಎರಡು ಅರ್ಥವಿರಲಿಲ್ಲ.

ಮಾರ್ಚ್ 18ರ ಆ ರಾತ್ರಿ ಕಾಮನ್ಸ್‌ನಲ್ಲಿ, ಯುದ್ಧಕ್ಕೆ ಕಾರಣ ಇನ್ನೂ ಸಾಬೀತಾಗಿಲ್ಲ ಎಂಬ ತಿದ್ದುಪಡಿಗೆ 217 ಮತ ಬಿದ್ದವು. ಅವರಲ್ಲಿ 139 ಮಂದಿ ಬ್ಲೇರ್ ಪಕ್ಷದವರೇ. ವಿರುದ್ಧ 396 ಮತ ಬಿದ್ದು ಅದು ಸೋತಿತು. ಆ ತಿದ್ದುಪಡಿಯ ಮಾತನ್ನು ಗಮನಿಸಿ. ಯುದ್ಧ ಪಾಪ ಎಂದಿಲ್ಲ, ಸದ್ದಾಂ ಒಳ್ಳೆಯವನು ಎಂದಿಲ್ಲ. ಸಾಬೀತಾಗಿಲ್ಲ ಎಂದಿದೆ. ಅಷ್ಟೇ.

ಮುಂದಿನದು ನಿಮಗೆ ಗೊತ್ತು. ಅಸ್ತ್ರಗಳ ದಾಸ್ತಾನು ಇರಲಿಲ್ಲ ಎಂದು 2004ರಲ್ಲಿ ಅಮೆರಿಕದ ತನಿಖಾ ತಂಡವೇ ವರದಿ ಕೊಟ್ಟಿತು. ಇರಾಕಿಗೂ ಅಲ್ ಖೈದಾಕ್ಕೂ ಒಟ್ಟಾಗಿ ಕಾರ್ಯಾಚರಣೆ ನಡೆಸುವಂಥ ಸಂಬಂಧವಿದ್ದ ಪುರಾವೆ ಸಿಗಲಿಲ್ಲ ಎಂದು ಸೆಪ್ಟೆಂಬರ್ 11ರ ಆಯೋಗ ಹೇಳಿತು. ಆಗ ಕಾರಣ ಬದಲಾಯಿತು. ಸದ್ದಾಂ ಇಲ್ಲದ ಜಗತ್ತೇ ಮೇಲು ಎಂದರು. ಆಮೇಲೆ ಪ್ರಜಾಪ್ರಭುತ್ವ ತರುತ್ತೇವೆ ಎಂದರು. ಆಮೇಲೆ ಅರ್ಧಕ್ಕೆ ಬಿಟ್ಟುಬಂದರೆ ಭಯೋತ್ಪಾದಕರು ಗೆದ್ದಂತೆ ಎಂದರು. ಮೊದಲಿನ ಕಾರಣ ಬಿದ್ದುಹೋದರೂ ಯುದ್ಧ ಬೀಳಲಿಲ್ಲ, ಇನ್ನೊಂದು ಊರುಗೋಲು ಹಿಡಿದು ನಡೆಯಿತು. ಇರಾಕಿನಲ್ಲಿ ಹಿಂಸೆಗೆ ಬಲಿಯಾದ ನಾಗರಿಕರ ದಾಖಲಾದ ಲೆಕ್ಕವೇ 1,80,000 ದಾಟಿದೆ. ದಾಖಲಾಗದವರನ್ನು ಎಣಿಸುವವರು ಯಾರು?

ಬ್ರಿಟನ್ನಿನ ಚಿಲ್ಕಾಟ್ ವರದಿ ಹೊರಬಂದದ್ದು 2016ರ ಜುಲೈ 6ರಂದು. ವಿಚಾರಣೆ ಶುರುವಾಗಿ ಏಳು ವರ್ಷದ ಮೇಲೆ, 26 ಲಕ್ಷ ಪದಗಳಲ್ಲಿ. ಶಾಂತಿಯ ದಾರಿಗಳೆಲ್ಲ ಮುಗಿಯುವ ಮೊದಲೇ ಆಕ್ರಮಣ ನಡೆಯಿತು, ಆ ಹೊತ್ತಿಗೆ ಯುದ್ಧವೇ ಕೊನೆಯ ಉಪಾಯವಾಗಿರಲಿಲ್ಲ ಎಂದಿತು. ಕುಕ್ ಅದನ್ನು ಓದಲು ಇರಲಿಲ್ಲ. 2005ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಬೆಟ್ಟವೊಂದರಲ್ಲಿ ನಡೆಯುತ್ತಿರುವಾಗ ಕುಸಿದು ತೀರಿಕೊಂಡಿದ್ದರು. ಎಡಿನ್‌ಬರೊದಲ್ಲಿ ಅವರ ಸಮಾಧಿಯ ಕಲ್ಲಿನ ಮೇಲೆ ಅವರದೇ ಮಾತು ಕೆತ್ತಿದ್ದಾರೆ. ಯುದ್ಧವನ್ನು ತಡೆಯುವುದರಲ್ಲಿ ನಾನು ಗೆಲ್ಲದೆ ಇರಬಹುದು, ಆದರೆ ಯುದ್ಧದ ಬಗ್ಗೆ ತೀರ್ಮಾನಿಸುವ ಹಕ್ಕನ್ನು ಸಂಸತ್ತಿಗೆ ಗಳಿಸಿಕೊಟ್ಟೆ ಎಂದು.

2013ರ ಆಗಸ್ಟ್ 29ರಂದು ಆ ಹಕ್ಕು ಬಳಕೆಗೆ ಬಂತು. ಸಿರಿಯಾದಲ್ಲಿ ವಿಷಾನಿಲದ ದಾಳಿಯಾಗಿತ್ತು. ಸೇನಾ ಕ್ರಮಕ್ಕೆ ದಾರಿ ಮಾಡುವ ಪ್ರಸ್ತಾವವನ್ನು ಪ್ರಧಾನಿ ಡೇವಿಡ್ ಕ್ಯಾಮರಾನ್ ಕಾಮನ್ಸ್ ಮುಂದೆ ಇಟ್ಟರು. ಮತ್ತೆ ಅದೇ ಸಭೆ, ಮತ್ತೆ ಗುಪ್ತಚರ ಮಾಹಿತಿ, ಮತ್ತೆ ಅವಸರ. ಈ ಸಲ ಸದಸ್ಯರು ಒಬ್ಬರಾದಮೇಲೆ ಒಬ್ಬರು ಎದ್ದು ಇರಾಕಿನ ಹೆಸರೆತ್ತಿದರು. ಪ್ರಸ್ತಾವಕ್ಕೆ 272 ಮತ, ವಿರುದ್ಧ 285. ಎಣಿಕೆ ಮುಗಿದ ಮೇಲೆ ಕ್ಯಾಮರಾನ್ ಎದ್ದು, ನನಗೆ ಅರ್ಥವಾಯಿತು, ಸರ್ಕಾರ ಅದರಂತೆಯೇ ನಡೆದುಕೊಳ್ಳುತ್ತದೆ ಎಂದು ಹೇಳಿ ಕುಳಿತರು.

ನಮಸ್ಕಾರ.