1,850 ರೂಪಾಯಿಯ ಮಸುಕು ಅಜ್ಜ

ಈ ವಿಡಿಯೋದ ಹಿಂದೆ ಮಳೆ ಸದ್ದು ಕೇಳ್ತಿದೆಯಲ್ಲ, ಅದನ್ನ ತೆಗೆಯೋಕೆ ಹೋದ್ರೆ ನನ್ನ ದನಿಯೂ ಜೊತೆಗೇ ಹೋಗ್ತಿದೆ. ಅದಕ್ಕೆ ಹಾಗೇ ಬಿಟ್ಟಿದ್ದೀನಿ. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ಮನೆ, ಜುಲೈ ಕೊನೆ. ಅಂಗಳದಲ್ಲಿ ಹರೀತಿರೋದು ಬರೀ ನೀರಲ್ಲ, ಗೇಟಿನ ಹತ್ತಿರ ಮೊನ್ನೆ ಹಾಕಿಸಿದ ಮಣ್ಣು. ಬನ್ನಿ, ಒಳಗೆ ಹೋಗೋಣ.

ಫೋಟೋ ಲ್ಯಾಬಿಂದ ಕೊರಿಯರಲ್ಲಿ ಬಂದ ಟ್ಯೂಬ್ ಬಿಚ್ಚೋ ಶಾಟ್ ನಾಲ್ಕು ನಿಮಿಷ ಇತ್ತು, ವೇಗವಾಗಿ ಓಡಿಸಿದ್ದೀನಿ. ಒಳಗಿರೋದು 30 ಇಂಚು ಅಗಲ, 20 ಇಂಚು ಎತ್ತರದ ಪ್ರಿಂಟ್. ಫೆಬ್ರವರಿಯಲ್ಲಿ ಸ್ಪ್ರಿಂಕ್ಲರ್ ಹಾಕಿಸಿದ ಮೇಲೆ ರೊಬಸ್ಟಾ ಕಾಫಿ ಹೂ ಬಿಟ್ಟಿತ್ತಲ್ಲ, ಇಡೀ ತೋಟ ಬೆಳ್ಳಗೆ, ಮಲ್ಲಿಗೆಯಂಥ ಪರಿಮಳ, ಜೇನುಹುಳಕ್ಕೆ ಹೆದರಿ ನಾನು ಓಡಿದ್ದು? ಆ ವಿಡಿಯೋ ನೋಡಿದವರಿಗೆ ನೆನಪಿರುತ್ತೆ. ಆವತ್ತು ಹೂವಿನ ನಡುವೆ ಅಜ್ಜ ಕತ್ತಿ ಹಿಡ್ಕೊಂಡು ನಿಂತಿದ್ರು, ಒಂದು ತುದಿಯಲ್ಲಿ ನಾಯಿ. ಅಂಥ ಫೋಟೋ ನನಗೆ ಇನ್ನೊಂದು ಸಿಗಲ್ಲ. ಹೂ ಇರೋದು ಮೂರು ನಾಲ್ಕು ದಿನ, ಅಜ್ಜ ಕ್ಯಾಮೆರಾ ಮುಂದೆ ನಿಲ್ಲೋದು ಮೂರು ನಾಲ್ಕು ಸೆಕೆಂಡು.

ಈಗ ನೋಡಿ. ಹತ್ತಿರ ತೋರಿಸ್ತೀನಿ. ಇದು ನನ್ನ ವಿಡಿಯೋ ಫೋಕಸ್ ತಪ್ಪಿರೋದಲ್ಲ, ಪ್ರಿಂಟೇ ಹೀಗೆ. ಅಜ್ಜನ ಮೀಸೆ ಸುಣ್ಣ ಬಳಿದ ಹಾಗಿದೆ. ಹೂಗೊಂಚಲು ದೋಸೆ ಹಿಟ್ಟು ಚೆಲ್ಲಿದ ಹಾಗೆ. ಕತ್ತಿ ಅಂಚಿನಲ್ಲಿ ಚೌಕ ಚೌಕವಾಗಿ ಕಲೆ. ಇದಕ್ಕೆ 1,850 ರೂಪಾಯಿ. ಕೊರಿಯರ್ 150 ಬೇರೆ. ಎರಡು ಸಾವಿರಕ್ಕೆ ನನ್ನ ಅಜ್ಜನನ್ನೇ ನನಗೆ ಗುರುತು ಸಿಗದ ಹಾಗೆ ಮಾಡಿ ಕಳಿಸಿದ್ದಾರೆ ಅಂತ ಸಿಟ್ಟು ಬಂತು. ಲ್ಯಾಬಿಗೆ ಫೋನ್ ಹಚ್ಚಿ ಸ್ವಲ್ಪ ಬೈದೂ ಬಿಟ್ಟೆ. ಆಕಡೆ ಇದ್ದ ಹುಡುಗಿ ಸಮಾಧಾನವಾಗಿ, "ಸರ್, ನೀವು ಕಳಿಸಿದ ಫೈಲ್ ಒಂದು ಸಲ ತೆರೆದು ದೊಡ್ಡದು ಮಾಡಿ ನೋಡಿ" ಅಂದ್ಲು.

ತೆರೆದೆ. ಮುಖಕ್ಕೆ ಹೊಡೆದ ಹಾಗಾಯ್ತು.

ಆಗಿದ್ದು ಇಷ್ಟು. ಒರಿಜಿನಲ್ ಫೋಟೋ ಹಾರ್ಡ್ ಡಿಸ್ಕಲ್ಲಿತ್ತು, ಹಾರ್ಡ್ ಡಿಸ್ಕ್ ಅಟ್ಟದಲ್ಲಿತ್ತು, ನಾನು ಸೋಫಾದಲ್ಲಿದ್ದೆ. ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೆನಲ್ಲ, ಅಲ್ಲಿಂದಲೇ ಇಳಿಸಿಕೊಂಡೆ. ಕ್ಯಾಮೆರಾದಲ್ಲಿ ತೆಗೆದಾಗ ಅದು 6000 ಬೈ 4000 ಪಿಕ್ಸೆಲ್, 24 ಮೆಗಾಪಿಕ್ಸೆಲ್. ವಾಟ್ಸಾಪ್ ಅದನ್ನ ಹಿಂಡಿ 1600 ಬೈ 1067 ಮಾಡಿತ್ತು. ಫೋನಲ್ಲಿ ನೋಡಿದ್ರೆ ಎರಡಕ್ಕೂ ವ್ಯತ್ಯಾಸವೇ ಗೊತ್ತಾಗಲ್ಲ. ಆದ್ರೆ 1600 ಪಿಕ್ಸೆಲ್‌ನ 30 ಇಂಚಿಗೆ ಹಂಚಿ ನೋಡಿ. ಇಂಚಿಗೆ 53. ಕೈಯಲ್ಲಿ ಹಿಡಿದು ನೋಡೋ ಪ್ರಿಂಟಿಗೆ ಇಂಚಿಗೆ 300 ಬೇಕು ಅಂತಾರೆ.

ಇಲ್ಲಿವರೆಗೆ ಸೋಮಾರಿತನ ಅಷ್ಟೆ. ಇನ್ನು ಮುಂದಿನದು ಅತಿಬುದ್ಧಿ. ಆರ್ಡರ್ ಮಾಡುವಾಗ ವೆಬ್‌ಸೈಟ್ ಕೆಂಪು ಗುರುತು ತೋರಿಸಿತ್ತು, ಈ ಫೋಟೋ ಈ ಸೈಜಿಗೆ ಸಾಲಲ್ಲ ಅಂತ. ನಾನು ಸುಮ್ಮನಿರ್ತೀನಾ? ಎಡಿಟಿಂಗ್ ಸಾಫ್ಟ್‌ವೇರಲ್ಲಿ ತೆರೆದು, ಅಗಲ 30 ಇಂಚು, ರೆಸಲ್ಯೂಷನ್ 300 ಅಂತ ಟೈಪ್ ಮಾಡಿದೆ. ಫೈಲು ಒಂದೇ ಏಟಿಗೆ 9000 ಬೈ 6000 ಆಯ್ತು. ಮತ್ತೆ ಹಾಕಿದೆ, ಹಸಿರು ಟಿಕ್ ಬಂತು. ಒಬ್ಬನೇ ಕೂತು ಮೀಸೆ ತಿರುವಿದೆ ನೋಡಿ ಆವತ್ತು. ಐದು ಜನಕ್ಕೆ ಇಟ್ಟ ಸಾರಿಗೆ ಐವತ್ತು ಜನ ಬಂದ್ರೂಂತ ಕೊಡಪಾನದಲ್ಲಿ ನೀರು ಸುರಿದ್ರೆ ಪಾತ್ರೆಯೇನೋ ತುಂಬುತ್ತೆ. ಸಾಫ್ಟ್‌ವೇರ್ ಮಾಡಿದ್ದೂ ಅದನ್ನೇ. ಅಕ್ಕಪಕ್ಕದ ಪಿಕ್ಸೆಲ್ ನೋಡಿ ನಡುವಿನದನ್ನ ಊಹಿಸಿ ತುಂಬಿತ್ತು. ಮೀಸೆಯ ಒಂದು ಕೂದಲೂ ಹೊಸದಾಗಿ ಹುಟ್ಟಲಿಲ್ಲ. ಆ ಚೌಕಗಳ ಕಥೆಯೂ ಹೇಳಿಬಿಡ್ತೀನಿ. ಜೆಪೆಗ್ ಫೈಲು ಚಿತ್ರವನ್ನ 8 ಬೈ 8 ಪಿಕ್ಸೆಲ್ ಚೌಕ ಮಾಡಿ ಹಿಂಡುತ್ತೆ. ಜಾಸ್ತಿ ಹಿಂಡಿದ್ದನ್ನ ಮತ್ತೆ ಹಿಗ್ಗಿಸಿದ್ರೆ ಒಂದೊಂದು ಚೌಕ ಹೆಚ್ಚು ಕಡಿಮೆ 4 ಮಿಲಿಮೀಟರ್. ಸ್ಕೇಲ್ ಇಟ್ಟು ಅಳೆದಿದ್ದೀನಿ, ಇಲ್ಲಿದೆ.

ಹುಡುಗಿಗೆ ವಾಪಸ್ ಫೋನ್ ಮಾಡಿ ಸಾರಿ ಕೇಳಿದೆ. ದುಡ್ಡು ವಾಪಸ್ ಬರಲಿಲ್ಲ.

ಇದು ಅಟ್ಟ. ಇಲಿ ಅಲ್ಲ, ನಾನೇ.

ಹಾರ್ಡ್ ಡಿಸ್ಕ್ ಸಿಕ್ತು. ಆವತ್ತಿನ ನನ್ನ ತೀರ್ಮಾನ, ಇನ್ಮೇಲೆ 300ಕ್ಕಿಂತ ಒಂದು ಕಮ್ಮಿ ಇದ್ರೂ ಪ್ರಿಂಟೇ ಬೇಡ. ಆ ಲೆಕ್ಕದಲ್ಲಿ 6000 ಪಿಕ್ಸೆಲಿಗೆ ಸಿಗೋದು 20 ಇಂಚು ಅಗಲ. ಅಮ್ಮನಿಗೆ ಖುಷಿ, ಹಳೇ 16 ಬೈ 20 ಫ್ರೇಮ್ ಖಾಲಿ ಬಿದ್ದಿದೆ, ಅದಕ್ಕೇ ಹಾಕಿಸು ಅಂತ. ಆದ್ರೆ ಆ ಫ್ರೇಮಿನ ಅಗಲ-ಎತ್ತರದ ಅನುಪಾತ ಬೇರೆ, ನನ್ನ ಫೋಟೋದ್ದು ಬೇರೆ. ತುಂಬಿಸಬೇಕಂದ್ರೆ ತುದಿ ಕತ್ತರಿಸಬೇಕು, ತುದಿಯಲ್ಲಿ ನಾಯಿ ಇದೆ. ನಾಯಿ ಇಲ್ಲದ ಫೋಟೋ ಅಜ್ಜ ಒಪ್ಪಲ್ಲ. ಆ ಮಾತು ಅಲ್ಲಿಗೇ ನಿಂತಿತು.

ಮಡಿಕೇರಿ ಬಸ್ಸು, ಸ್ಟುಡಿಯೋಗೆ ಹೊರಟಿದ್ದೀನಿ. ಕಿಟಕಿಯಾಚೆ ಏನಾದ್ರೂ ಕಾಣ್ತಿದೆಯಾ? ನನಗೂ ಕಾಣಲಿಲ್ಲ, ಪೂರ್ತಿ ಮಂಜು. ಪಕ್ಕದ ಸೀಟಲ್ಲಿ ಒಬ್ಬರು ಆಂಟಿ ಮದ್ದು ಸೊಪ್ಪಿನ ಕಟ್ಟು ಇಟ್ಕೊಂಡಿದ್ರು. ಇನ್ನೇನು ಕಕ್ಕಡ 18 ಬಂತು, ಅಂದ್ರೆ ಕೊಡವರ ಕಕ್ಕಡ ತಿಂಗಳ 18ನೇ ದಿನ, ಆಗಸ್ಟ್ 3, ಆವತ್ತು ಈ ಸೊಪ್ಪಿನ ಅಡುಗೆ ತಿನ್ನೋದು ವಾಡಿಕೆ. ಸೊಪ್ಪು ಕುದಿಸಿದ ನೀರಲ್ಲಿ ಪಾಯಸ ಮಾಡಿದ್ರೆ ಆ ಗಾಢ ನೇರಳೆ ಬಣ್ಣ ಬರುತ್ತಲ್ಲ, ಮಾರನೇ ದಿನ ಎಲ್ಲೆಲ್ಲಿ ಬರುತ್ತೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಹೋದ ವರ್ಷ ಆ ಪಾಯಸದ ಫೋಟೋ ಪ್ರಿಂಟ್ ಹಾಕಿಸಿದ್ದೆ. ಫೋನಲ್ಲಿ ಹೊಳೀತಿದ್ದ ನೇರಳೆ ಕಾಗದದ ಮೇಲೆ ಮಂಕು ನೀಲಿ. ಪರದೆ ತಾನೇ ಬೆಳಕು ಸೂಸುತ್ತೆ, ಕಾಗದ ಬಿದ್ದ ಬೆಳಕನ್ನಷ್ಟೇ ವಾಪಸ್ ಕೊಡುತ್ತೆ. ಅದಕ್ಕೇ ಪ್ರಿಂಟಿಗೆ ಕಳಿಸೋ ಮುಂಚೆ ಫೋನಿನ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ ನೋಡಿ, ಕತ್ತಲೆ ಅನ್ನಿಸಿದ್ರೆ ಫೋಟೋವನ್ನ ಸ್ವಲ್ಪ... ಇರಿ, ಸ್ಟಾಪ್ ಬಂತು, ಇಳೀಬೇಕು.

ಸ್ಟುಡಿಯೋ ಅಣ್ಣ ವಿಡಿಯೋದಲ್ಲಿ ಬರಲ್ಲ ಅಂದ್ರು, ಕೈ ಮಾತ್ರ ಕಾಣ್ತಿದೆ. ನನ್ನ 300ರ ಶಪಥ ಕೇಳಿ ನಕ್ಕರು. "ಗೋಡೆಗೆ ಮೂಗು ತಾಗಿಸಿ ನೋಡ್ತೀಯಾ?" ಅಂದ್ರು. ದೊಡ್ಡ ಪ್ರಿಂಟನ್ನ ಐದಾರು ಅಡಿ ದೂರದಿಂದ ನೋಡ್ತೀವಿ, ಅಷ್ಟು ದೂರಕ್ಕೆ ಇಂಚಿಗೆ 150 ಇದ್ರೂ ಕಣ್ಣಿಗೆ ಗೊತ್ತಾಗಲ್ಲ, ನಿನ್ನದು 30 ಇಂಚಿಗೆ 200 ಬರುತ್ತೆ, ಧಾರಾಳ ಆಯ್ತು ಅಂದ್ರು. ರಸ್ತೆ ಬದಿಯ ಫ್ಲೆಕ್ಸ್ ಹತ್ತಿರ ಹೋದ್ರೆ ಬರೀ ಚುಕ್ಕಿ, ಬಸ್ಸಿಂದ ನೋಡಿದ್ರೆ ಮುಖ. ಅದೇ ಲೆಕ್ಕ. ನಾನು ನಂಬಲಿಲ್ಲ. ಆಗ ಅವರು ಫೋಟೋದಿಂದ 1600 ಬೈ 2400 ಪಿಕ್ಸೆಲಿನ ಒಂದು ತುಂಡು, ಬರೀ ಅಜ್ಜನ ಮುಖ ಮತ್ತು ಹಿಂದಿನ ಗಿಡ, ಕತ್ತರಿಸಿ 8 ಬೈ 12 ಇಂಚಿಗೆ ಹಾಕಿದ್ರು. ದೊಡ್ಡ ಪ್ರಿಂಟಲ್ಲಿ ಮುಖ ಎಷ್ಟು ಬರುತ್ತೋ ಅಷ್ಟೇ ದೊಡ್ಡದು, ಅಷ್ಟೇ ಚೊಕ್ಕ. ಇದಕ್ಕೆ 120 ರೂಪಾಯಿ. ಮೊದಲೇ ಈ 120 ಖರ್ಚು ಮಾಡಿದ್ರೆ ಆ ಎರಡು ಸಾವಿರ... ಬೇಡ, ಆ ಮಾತೇ ಬೇಡ.

ಇದು ಆ ತುಂಡು. ಮೀಸೆ ನೋಡಿ. ಒಂದೊಂದು ಕೂದಲು. ಈಗ ನನ್ನ ಅಭಿಪ್ರಾಯ, 300 ಎಲ್ಲ ಆಲ್ಬಮ್ಮಿಗೆ, ಗೋಡೆಗೆ 200 ಸಾಕು. ಫೈಲ್ ವಿವರದಲ್ಲಿ ರೆಸಲ್ಯೂಷನ್ 72 ಅಂತ ಕಂಡ್ರೂ ಗಾಬರಿ ಬೇಡ, ಒಟ್ಟು ಪಿಕ್ಸೆಲ್ ಎಷ್ಟು ಅಂತಷ್ಟೇ ನೋಡಿ. ವಾಟ್ಸಾಪಲ್ಲಿ ಕಳಿಸಲೇಬೇಕು ಅಂದ್ರೆ ಡಾಕ್ಯುಮೆಂಟ್ ಆಗಿ ಕಳಿಸಿ, ಆಗ ಹಿಂಡಲ್ಲ.

ಕಾಗದ ಹೊಳೆಯೋ ಗ್ಲಾಸಿನೇ ಬೇಕು ಅಂತ ಹೋಗಿದ್ದೆ, ಹೊಳಪಿಲ್ಲದ ಮ್ಯಾಟ್ ಹೇಳಿ ಬಂದೆ. ನಮ್ಮ ಹಾಲಲ್ಲಿ ಎದುರುಗಡೆಯೇ ಕಿಟಕಿ, ಫ್ರೇಮಿನ ಗಾಜಿನ ಹೊಳಪಿನ ಜೊತೆ ಗ್ಲಾಸಿ ಹೊಳಪೂ ಸೇರಿದ್ರೆ ಅಜ್ಜನ ಮುಖದ ಮೇಲೆ ಕಿಟಕಿಯೇ ಕಾಣುತ್ತೆ.

ಎರಡನೇ ಪ್ರಿಂಟ್ ಬಂದು ಫ್ರೇಮಾಗಿದೆ. ಫ್ರೇಮಿನವರಿಗೆ ಹೇಳಿ ಸುತ್ತ ಮೌಂಟ್ ಬೋರ್ಡ್, ಅಂದ್ರೆ ದಪ್ಪ ರಟ್ಟಿನ ಅಂಚು, ಇಡಿಸಿದೆ, ಗಾಜಿಗೂ ಪ್ರಿಂಟಿಗೂ ನಡುವೆ ಗಾಳಿ ಇರಲಿ ಅಂತ. ಅಜ್ಜಿಯ ಮದುವೆ ಫೋಟೋ ಗಾಜಿಗೇ ಅಂಟಿ, ಬಿಡಿಸೋಕೆ ಹೋಗಿ ಸೀರೆ ಅರ್ಧ ಗಾಜಿನ ಜೊತೆ ಬಂದಿತ್ತು. ಹಿಂದೆ ಕೆಳಗಿನ ಎರಡು ಮೂಲೆಗೆ ರಬ್ಬರ್ ತುಂಡು ಅಂಟಿಸಿದ್ದೀನಿ. ಮಳೆಗಾಲದಲ್ಲಿ ನಮ್ಮ ಗೋಡೆ ಬೆವರುತ್ತೆ, ಗೋಡೆಗೆ ತಾಗಿದ್ರೆ ಬೂಷ್ಟು ಗ್ಯಾರಂಟಿ. ಮೊಳೆ ಹೊಡೆಯೋದು ತೋರಿಸಲ್ಲ, ಮೂರು ಸಲ ಹೊಡೆದೆ.

ಇವರೇ ಅಜ್ಜ. ನೋಡ್ತಾ ಇದ್ದಾರೆ. ಕನ್ನಡಕ ಒರೆಸ್ಕೊಂಡ್ರು. ನಾನು ಇನ್ನೇನು ಹೊಗಳ್ತಾರೆ ಅಂತ ಝೂಮ್ ಮಾಡ್ತಿದ್ದೀನಿ. ಫೋಟೋ ಹತ್ತಿರ ಹೋಗಿ, ಬೆರಳಿಟ್ಟು, "ಈ ಗಿಡದ ಕಂಬಚಿಗುರು ಯಾರೂ ತೆಗೆದೇ ಇಲ್ಲವಲ್ಲ" ಅಂದ್ರು. ಕೇಳಿಸ್ತಾ? ಹೌದು, ಬುಡದ ಹತ್ತಿರ ನೆಟ್ಟಗೆ ಎದ್ದ, ಕಿತ್ತು ಹಾಕಬೇಕಿದ್ದ ಎರಡು ಚಿಗುರು, ಎಲೆ ಸಮೇತ ಕಾಣ್ತಿದೆ. ಅದು ನನ್ನ ಪಾಲಿನ ಸಾಲು. ಕೊಡೆ ಎಲ್ಲಿ ಅಂತ ಕೇಳ್ತಿದ್ದಾರೆ, ಈಗಲೇ ತೋಟಕ್ಕೆ ಹೋಗಬೇಕಂತೆ, ಕ್ಯಾಮೆರಾ ಆಫ್ ಮಾಡ್ತೀನಿ.